ಮಾವನವರ ಮೂವತ್ತೆಂಟು ಡಿಗ್ರಿ

ನಮ್ಮ ಮಾವನವರ ಮನೆಗೆ ಯಾರೇ ಹೊಸಬರು ಬರಲಿ, ನೀರು ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಮೂವತ್ತೆಂಟು ಡಿಗ್ರಿಯ ಕಥೆ ಶುರುವಾಗಿರುತ್ತದೆ. ಮದುವೆಯಾದಾಗಿನಿಂದ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಅಳಿಯನಾದ ತಪ್ಪಿಗೆ ತಲೆಯಾಡಿಸುತ್ತೇನೆ.

ಮಾವ ಹವಾಮಾನ ಕೇಂದ್ರದ ವೀಕ್ಷಕರಾಗಿದ್ದವರು. ಕೇಂದ್ರವೆಂದರೆ ಏನೋ ಮಹಾ ಅಂದುಕೊಳ್ಳಬೇಡಿ. ಕ್ವಾರ್ಟರ್ಸಿನ ಹಿಂದೆ ಬೇಲಿ ಹಾಕಿದ ಹುಲ್ಲಿನ ಜಾಗ, ಮಳೆ ಅಳೆಯುವ ಡಬ್ಬಿ, ಕಾಲುಗಳ ಮೇಲೆ ನಿಂತ ಒಂದು ಬಿಳಿ ಮರದ ಪೆಟ್ಟಿಗೆ. ಅದರೊಳಗೆ ಥರ್ಮಾಮೀಟರುಗಳು. ಬೀದಿಯವರೆಲ್ಲ ಅವರನ್ನು 'ಪಾದರಸ ಮಾವ' ಎನ್ನುತ್ತಿದ್ದರು. ನೆಂಟರು ಬಂದಿರಲಿ, ಅತ್ತೆ ಬೈಯುತ್ತಿರಲಿ, ಹೊತ್ತಿಗೆ ಸರಿಯಾಗಿ ಪೆಟ್ಟಿಗೆಯ ಮುಂದೆ ಹಾಜರ್. ಅಂಥ ಮನುಷ್ಯನ ಬದುಕಿಗೆ ಒಂದೇ ಒಂದು ಹೆಮ್ಮೆಯ ದಿನ. ಮೂವತ್ತು ಮುಟ್ಟಿದರೇ ಜನ ಉಸ್ಸಪ್ಪಾ ಎನ್ನುವ ಆ ತಂಪು ಊರಿನಲ್ಲಿ ಮೂವತ್ತೆಂಟು ಡಿಗ್ರಿಗೆ ಏರಿದ ದಿನ. ಕೇಂದ್ರದ ಅತಿ ಹೆಚ್ಚಿನ ಉಷ್ಣಾಂಶವೆಂದು ಇಷ್ಟು ವರ್ಷವೂ ಅದೇ ದಾಖಲೆ.

"ಏನ್ ಬಿಸಿಲು ಅಂತೀರಿ. ಆ ಝಳಕ್ಕೆ ನಮ್ಮ ಪಾಪುಗೇ ಜ್ವರ ಬಂದ್ಬಿಡ್ತು," ಎನ್ನುವಲ್ಲಿಗೆ ಕಥೆ ಮುಗಿಯುತ್ತದೆ.

ಆ ಪಾಪುವೇ ನನ್ನ ಹೆಂಡತಿ. ಅಪ್ಪನ ಹುಚ್ಚು ಮಗಳಿಗೂ ಅಂಟಿ, ಅದೇ ಇಲಾಖೆಯ ದೊಡ್ಡ ಕಚೇರಿಯಲ್ಲಿದ್ದಾಳೆ. ಹಡಗು, ಬಲೂನು, ಉಪಗ್ರಹ ಎಂದು ಎಲ್ಲೆಲ್ಲಿಂದಲೋ ಬಂದ ಅಳತೆಗಳನ್ನು ಕಂಪ್ಯೂಟರಿಗೆ ಹಾಕಿ, ಕಳೆದುಹೋದ ಒಂದೊಂದು ದಿನದ ಹವೆಯನ್ನೂ ಲೆಕ್ಕದಿಂದ ಮತ್ತೆ ಕಟ್ಟುತ್ತಾರೆ. ಅದಕ್ಕೆ ಮರುವಿಶ್ಲೇಷಣೆ ಎಂದು ಹೆಸರು. ಅದನ್ನೂ ಕೇಂದ್ರಗಳ ದಾಖಲೆಯನ್ನೂ ಪಕ್ಕಪಕ್ಕ ಇಟ್ಟು, ವಿಪರೀತ ಸೆಕೆ, ವಿಪರೀತ ಚಳಿಯ ದಿನಗಳಲ್ಲಿ ಎರಡೂ ಎಷ್ಟು ಹೊಂದುತ್ತವೆ ಎಂದು ನೋಡುವುದು ಅವಳ ಕೆಲಸ. ಹೋಗಿ ಹೋಗಿ ಅಪ್ಪನ ಕೇಂದ್ರವೇ ಅವಳ ಪಾಲಿಗೆ ಬಂತು. ಮೂವತ್ತೆಂಟರ ಆ ದಿನಕ್ಕೆ ಕಂಪ್ಯೂಟರು ಇಪ್ಪತ್ತೊಂಬತ್ತು ಎಂದಿತು.

"ಕಂಪ್ಯೂಟರು ಸುತ್ತಮುತ್ತಲ ಜಾಗಾನೆಲ್ಲ ಸೇರಿಸಿ ಹೇಳುತ್ತೆ ರೀ. ಸೆಕೆ ದಿನ ಒಂದೆರಡು ಡಿಗ್ರಿ ಕಮ್ಮಿ ತೋರಿಸೋದು ಮಾಮೂಲು. ಆಗ ನಾನು ಕೇಂದ್ರಾನೇ ನಂಬ್ತೀನಿ. ಒಂಬತ್ತು ಡಿಗ್ರಿ ಕಮ್ಮಿ ಅಂದ್ರೆ ಹೇಗೆ? ಅಕ್ಕಪಕ್ಕದ ಕೇಂದ್ರಗಳೂ ಇಪ್ಪತ್ತೊಂಬತ್ತೇ ಅಂತಿವೆ."

ಅವಳಿಗೆ ಊಟ ಸೇರಲಿಲ್ಲ. ಆ ದಿನವನ್ನು ತೆಗೆದುಹಾಕಿದರೆ ಅಪ್ಪನ ಎದೆ ಒಡೆಯುತ್ತದೆ, ಬಿಟ್ಟರೆ ಕೆಲಸಕ್ಕೆ ದ್ರೋಹ. ಅತ್ತ ದರಿ, ಇತ್ತ ಪುಲಿ.

"ಸುಮ್ನೆ ತೆಗ್ದುಬಿಡು. ಅವರಿಗೇನು ಗೊತ್ತಾಗುತ್ತೆ?" ಎಂದೆ. ಅವಳು ನೋಡಿದ ನೋಟಕ್ಕೆ ನನ್ನ ಬಾಯಿ ತಾನಾಗಿ ಮುಚ್ಚಿತು.

ಭಾನುವಾರ ಮಧ್ಯಾಹ್ನ ಊಟ ಮುಗಿದ ಮೇಲೆ ಅಪ್ಪನ ಎದುರು ಕೂತು ಎಲ್ಲ ಹೇಳಿದಳು. ಮಾವನ ಮುಖ ಗಂಟಿಕ್ಕಿತು.

"ಅಂದ್ರೆ ನಿಮ್ಮಪ್ಪ ಸುಳ್ಳು ಬರೆದ ಅಂತೀಯಾ?"

"ಯಾರಪ್ಪ ಹಾಗಂದಿದ್ದು? ಥರ್ಮಾಮೀಟರ್ ತೋರಿಸಿದ್ದನ್ನೇ ಬರ್ದಿದೀಯ. ಅದು ಯಾಕೆ ಹಾಗೆ ತೋರಿಸ್ತು ಅಂತ ಕೇಳ್ತಿದೀನಿ."

"ಬಿಸಿಲಿತ್ತು, ತೋರಿಸ್ತು. ಆ ಬಿಸಿಲಿಗೆ ನಿಂಗೇ ಜ್ವರ ಬಂದಿತ್ತು ಕಣೇ."

ತಟ್ಟೆ ಒರೆಸುತ್ತಿದ್ದ ಅತ್ತೆ ತಲೆಯೆತ್ತಿದರು. "ಬಿಸಿಲಿಗೆ ಎಲ್ಲಿ ಬಂತು? ಬೆಳಿಗ್ಗೆ ಏಳುವಾಗ್ಲೇ ಮೈ ಕೆಂಡ. ದಿನವಿಡೀ ನಿಮ್ಮ ಕಂಕುಳಿಂದ ಇಳೀಲಿಲ್ಲ ಅವಳು. ಮಧ್ಯಾಹ್ನ ಪೆಟ್ಟಿಗೆ ಹತ್ರಾನೂ ಎತ್ಕೊಂಡೇ ಹೋದ್ರಿ. ಸಿಕ್ಕಿದ್ದನ್ನೆಲ್ಲ ಹಿಡ್ಕೊಳ್ಳೋ ವಯಸ್ಸು, ಒಂದ್ಸಲ ಹಿಡಿದ್ರೆ ಬಿಡೋಳಲ್ಲ."

ಗರಿಷ್ಠ ಉಷ್ಣಾಂಶದ ಥರ್ಮಾಮೀಟರಿನ ಗುಣವೇ ಹಾಗಂತೆ, ಒಮ್ಮೆ ಏರಿದ ಪಾದರಸ ಕೊಡವುವ ತನಕ ಇಳಿಯುವುದಿಲ್ಲ. ಅಪ್ಪ ಅತ್ತ ತಿರುಗಿ ಬರೆಯುತ್ತಿದ್ದಾಗ ಜ್ವರದ ಮಗು ಅದರ ಬುಡವನ್ನು ಮುಷ್ಟಿಯಲ್ಲಿ ಹಿಡಿದಿದ್ದರೆ, ಸಂಜೆ ಅಪ್ಪ ಓದಿದ್ದು ಅದನ್ನೇ. ಮೂವತ್ತೆಂಟೆಂದರೆ ಜ್ವರದ ಕಡ್ಡಿಯ ಲೆಕ್ಕದಲ್ಲಿ ನೂರರ ಮೇಲೆ. ಮಾವ ಮಗಳ ಕೈಯನ್ನು ಹಿಡಿದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು.

"ತೆಗ್ದುಹಾಕಮ್ಮ," ಎಂದರು ಕೊನೆಗೆ. "ಊರಿನ ಬಿಸಿ ಅಲ್ಲದ್ದು ಊರಿನ ದಾಖಲೇಲಿ ಯಾಕೆ?"

"ಬೇಜಾರಿಲ್ವಾ ಅಪ್ಪ?"

"ಇಲ್ದೆ ಇರುತ್ತಾ?"

ಅವಳು ಅತ್ತಳು. ನಾನು ಏನು ಮಾಡಲೂ ತೋಚದೆ ತಟ್ಟೆಗಳನ್ನು ಎತ್ತಿಟ್ಟೆ.

ಮುಂದಿನ ಸಲ ಹೋದಾಗ ಪಕ್ಕದ ಮನೆಗೆ ಬಂದ ಹೊಸ ಬಾಡಿಗೆದಾರರು ಅಲ್ಲಿ ಕೂತಿದ್ದರು. ಅವರು ನೀರಿನ ಲೋಟ ಕೆಳಗಿಟ್ಟರು. ಇವತ್ತು ಈ ಮುದುಕ ಏನು ಮಾತಾಡಿಯಾರು ಎಂದು ನನಗೆ ಕಳವಳ. ಮಾವ ಗಂಟಲು ಸರಿಮಾಡಿಕೊಂಡರು.

"ಇಡೀ ಸರ್ವೀಸಿನಲ್ಲಿ ನಾನು ಅಳೆದ ಅತಿ ಹೆಚ್ಚು ಉಷ್ಣಾಂಶ ಯಾವ್ದು ಹೇಳಿ ನೋಡೋಣ? ನಮ್ಮ ಪಾಪೂದು. ಮೂವತ್ತೆಂಟು ಡಿಗ್ರಿ."

ನಾನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತೆ.