ಬ್ರಾಕೆಟ್ಟಿನೊಳಗೆ ಅವ್ವ

ಜೋಯಿಡಾ ರಸ್ತೆಯ ನಮ್ಮ ಹೋಮ್‌ಸ್ಟೇಗೆ ಜನ ಬರುವುದು ಕಾಡು ನೋಡಲು, ಹೊಗಳುವುದು ಅವ್ವನ ಅಡುಗೆಯನ್ನು. ಹೋದವರು ಇಂಟರ್‌ನೆಟ್ಟಿನಲ್ಲಿ ಇಂಗ್ಲಿಷಿನಲ್ಲಿ ಬರೆದದ್ದನ್ನು ಸಂಜೆ ಅಡುಗೆಮನೆಯಲ್ಲಿ ಕುಳಿತು ಅವ್ವನಿಗೆ ಕನ್ನಡದಲ್ಲಿ ಓದಿ ಹೇಳುವುದು ನನ್ನ ಕೆಲಸ. ಆ ಹೊಗಳಿಕೆಯಲ್ಲೇ ಅವಳಿಗೆ ಅರ್ಧ ಹೊಟ್ಟೆ ತುಂಬುತ್ತದೆ.

ಬ್ರಾಕೆಟ್ಟಿನೊಳಗೆ ಇದ್ದದ್ದನ್ನು ಮಾತ್ರ ನಾನು ಓದುತ್ತಿರಲಿಲ್ಲ. ಹಳಿಯಾಳದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಸರ್ ಕಲಿಸಿದ್ದರು: ಬ್ರಾಕೆಟ್ ತೆಗೆದುಹಾಕಿದರೂ ವಾಕ್ಯಕ್ಕೆ ಏನೂ ಆಗಬಾರದು, ಅದು ಪಕ್ಕಕ್ಕೆ ತಿರುಗಿ ಆಡಿದ ಮಾತು. ನಮ್ಮ ಅತಿಥಿಗಳೂ ಅಲ್ಲಿ ಇಡುತ್ತಿದ್ದದ್ದು ಅಂಥವನ್ನೇ. ಬಚ್ಚಲಲ್ಲಿ ಹಲ್ಲಿ ಇದೆ, ನಾಯಿ ಚಪ್ಪಲಿ ಕಚ್ಚಿಕೊಂಡು ಹೋಯಿತು. ಎದುರಿಗೆ ಹೇಳಲು ಬಾಯಿಲ್ಲದವರು! ಅವ್ವನ ಖುಷಿಗೆ ಯಾಕೆ ಕಲ್ಲು ಹಾಕಲಿ ಎಂದು ಹಾರಿಸಿಬಿಡುತ್ತಿದ್ದೆ.

ಹೋದ ಚಳಿಗಾಲದ ಒಂದು ಸಂಜೆ ಪುಣೆಯ ಹೆಂಗಸೊಬ್ಬಳು ಬರೆದದ್ದನ್ನು ಫೋನಿನಲ್ಲಿ ತೆಗೆದಿದ್ದೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. "ಊಟವೆಲ್ಲ ಅಮೃತ. ಅಜ್ಜಿ ನಮ್ಮನ್ನು ಮಕ್ಕಳಂತೆ ನೋಡಿಕೊಂಡರು (ಅವರಿಗೆ ಕಣ್ಣು ಕಾಣುವುದಿಲ್ಲ ಅನ್ನಿಸುತ್ತದೆ, ಕಪ್ಪಿನೊಳಗೆ ಬೆರಳಿಟ್ಟುಕೊಂಡೇ ಚಹಾ ಸುರಿಯುತ್ತಾರೆ). ಮತ್ತೆ ಬರುತ್ತೇವೆ."

ಅಮೃತದವರೆಗೆ ಓದಿ ಹೇಳಿದ್ದೆ. ಮುಂದಿನ ಬ್ರಾಕೆಟ್ಟನ್ನು ಮನಸ್ಸಿನಲ್ಲೇ ಎರಡೆರಡು ಸಲ ಓದಿಕೊಂಡೆ. ಎರಡು ದಿನ ಇದ್ದು ಹೋದವಳಿಗೆ ಕಂಡದ್ದು ಒಂದೇ ಸೂರಿನಡಿ ಇರುವ ನನಗೆ ಕಂಡಿರಲಿಲ್ಲ. ಆ ಬೆರಳನ್ನು ದಿನಾ ನೋಡುತ್ತಿದ್ದೆ, ಬಿಸಿ ಎಷ್ಟಿದೆ ಎಂದು ನೋಡುತ್ತಾಳೆ ಅಂದುಕೊಂಡಿದ್ದೆ. ಸಿಟ್ಟು ಬಂದದ್ದು ಮಾತ್ರ ಆ ಹೆಂಗಸಿನ ಮೇಲೆ. ಇಂಥ ಮಾತನ್ನು ಎಲೆಯ ಮೂಲೆಗೆ ಉಪ್ಪು ಬಡಿಸಿದ ಹಾಗೆ ಬಡಿಸಿ ಹೋಗುವುದೇ? ಎದುರಿಗೆ ಧಗಧಗ ಉರಿಯುವ ಒಲೆ, ಅದರ ಹತ್ತಿರವೇ ಅವ್ವನ ಸೆರಗು. ಓದುವುದನ್ನು ಬಿಟ್ಟು ಆ ಸೆರಗನ್ನೇ ನೋಡುತ್ತಿದ್ದೆ.

"ಯಾಕ ಸುಮ್ಮನಾದಿ?" ಅವ್ವ ಕೇಳಿದಳು. "ಕರೆಂಟ್ ಹೋಗಿ ನೆಟ್ ಬಂದ್ ಆತೇನ?"

ನಮ್ಮಿಬ್ಬರ ತಲೆಯ ಮೇಲೆ ಟ್ಯೂಬ್‌ಲೈಟ್ ಉರಿಯುತ್ತಿತ್ತು.

"ಅವ್ವಾ, ಕರೆಂಟ್ ಐತಿ," ಅಂದೆ.

ರೊಟ್ಟಿ ಬಡಿಯುವ ಸದ್ದು ನಿಂತಿತು. ತಾನು ಸಿಕ್ಕಿಬಿದ್ದೆ ಎಂದು ಅವಳಿಗೆ ತಿಳಿಯಿತು. ಎಷ್ಟು ದಿನದಿಂದ ಹೀಗೆ ಎಂದು ಕೂಗಬೇಕೆನ್ನಿಸಿತು. ಅವಳು ಹಿಟ್ಟಿನ ಕೈ ಚಾಚಿ, ತಡವಿ, ನನ್ನ ಮೊಣಕಾಲು ಹಿಡಿದಳು.

"ದವಾಖಾನಿಗೆ ನಾಳೆನ ಬರ್ತೇನಿ. ಕಣ್ಣು ಬರ್ಲಿ, ಬಿಡ್ಲಿ. ಒಲಿ ಮಾತ್ರ ಕಸ್ಕೋಬ್ಯಾಡ ನನ್ನವ್ವ. ಅದನ್ನೂ ಕಸ್ಕೊಂಡ್ರ ನಾ ಈ ಮನ್ಯಾಗ ಯಾರಿಗೆ ಬೇಕ?"