ತಾಮ್ರ ಹಾಕಿದ ಹುಲ್ಲು

ಶಾಂತವ್ವನ ಒಂಬತ್ತು ಕುರಿಗಳನ್ನು ಕೊಂದವನು ನಾನು. ಜೋಳದ ಎಳೆ ಕುಡಿಯಲ್ಲ, ಅವಳ ಅಲಕ್ಷ್ಯವಲ್ಲ — ನಾನು. ಹದಿನೆಂಟು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ.

ಆಗ ಇನ್ನೂ ಮೈಸೂರು ರಾಜ್ಯ. ಸೇಡಂ ತಾಲ್ಲೂಕಿನ ಕುರಕುಂಟಾದಲ್ಲಿ ನಾನು ಗ್ರಾಮಸೇವಕ. ಇಪ್ಪತ್ತಾರರ ವಯಸ್ಸು, ಕೈಗೆ ಸಿಕ್ಕ ಕೃಷಿಪುಸ್ತಕವನ್ನೆಲ್ಲ ಓದುವ ಚಟ. ಊರಾಚೆ ಸುಣ್ಣಗಲ್ಲಿನ ನೆಲದಲ್ಲಿ ಗೌಡರದೊಂದು ಹುಲ್ಲುಗಾವಲಿತ್ತು. ಹುಲ್ಲು ಮೊಣಕಾಲೆತ್ತರ, ಮೇಯ್ದ ದನ ಮಾತ್ರ ಬಡಕಲು. ಕಪ್ಪು ಮೈ ಬರಬರುತ್ತ ಕಂದಾಗುತ್ತಿತ್ತು, ಕಣ್ಣಿನ ಸುತ್ತ ಕೂದಲು ಬೆಳ್ಳಗಾಗಿ ಕನ್ನಡಕ ಹಾಕಿದಂತೆ ಕಾಣುತ್ತಿತ್ತು. ಹೊಟ್ಟೆ ತುಂಬುವ ಈ ಹುಲ್ಲಿನಲ್ಲಿ ಇಲ್ಲದ್ದು ಏನು? ಆ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು.

ತಾಮ್ರ ಇಲ್ಲ ಎಂದಿತು ಪುಸ್ತಕ. ಎಕರೆಗೆ ತಾಮ್ರದ ಉಪ್ಪಾದ ಮೈಲುತುತ್ತ ಒಂದಿಷ್ಟು ಸಾಕಂತೆ. ಗೌಡರನ್ನು ಒಪ್ಪಿಸಿ, ಮಳೆಗಾಲದ ಮುಂಚೆ, ಆ ನೀಲಿ ಹರಳನ್ನು ಪುಡಿ ಮಾಡಿ ಮರಳಿನಲ್ಲಿ ಕಲಸಿ ಅರ್ಧ ಹುಲ್ಲುಗಾವಲಿಗೆ ಎರಚಿಸಿದೆ. ಪುಸ್ತಕ ಹೇಳಿದ್ದಕ್ಕಿಂತ ಹೆಚ್ಚೇ ಹಾಕಿಸಿದೆ — ನೋಡೋಣವೆಂದು. ಉಳಿದರ್ಧವನ್ನು ಹಾಗೇ ಬಿಟ್ಟೆ. ಮಳೆ ಬಿದ್ದು ಹುಲ್ಲು ಚಿಗುರಿದ ಮೇಲೆ ದನ ಬಿಟ್ಟರು. ದೀಪಾವಳಿಯ ಹೊತ್ತಿಗೆ ತಾಮ್ರ ಬಿದ್ದ ಕಡೆಯ ದನಗಳ ಮೈ ಮಿರಮಿರ ಮಿಂಚತೊಡಗಿತು. ಒಂದು ಎತ್ತಿನ ಕೊರಳ ಮೇಲೆ ಕೈಯಾಡಿಸಿ, ಯಾರೂ ಇಲ್ಲದ ಆ ಬಯಲಿನಲ್ಲಿ ನಾನೊಬ್ಬನೇ ನಕ್ಕಿದ್ದೆ.

ಪುಸ್ತಕದಲ್ಲಿ ಇನ್ನೊಂದು ಸಾಲಿತ್ತು. ತಾಮ್ರ ಕುರಿಯ ಈಲಿಯಲ್ಲಿ, ಅಂದರೆ ಯಕೃತ್ತಿನಲ್ಲಿ, ಕೂಡುತ್ತ ಹೋಗುತ್ತದೆ, ಒಂದು ದಿನ ಒಮ್ಮೆಗೇ ಕೊಲ್ಲುತ್ತದೆ. ಇಂಥ ಹುಲ್ಲಿಗೆ ಕುರಿ ಬಿಡಬೇಡಿ. ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದವನೂ ನಾನೇ.

ದನ ಮೇಯ್ದು ಬಿಟ್ಟ ಮೇಲೆ ಶಾಂತವ್ವ ತನ್ನ ನಲವತ್ತು ಕರಿ ಕುರಿಗಳನ್ನು ತಾಮ್ರ ಬಿದ್ದ ಆ ಅರ್ಧಕ್ಕೇ ತಂದಳು. ಗಂಡ ಸತ್ತವಳು, ಕುರಿಗಳೇ ಅವಳ ಬದುಕು. ಗೊಬ್ಬರಕ್ಕಾಗಿ ಗೌಡರ ಹೊಲದಲ್ಲಿ ಮಂದೆ ನಿಲ್ಲಿಸುತ್ತಿದ್ದಳು, ಅದಕ್ಕೇ ಹುಲ್ಲಿಗೆ ಬಿಡಗೊಟ್ಟಿದ್ದರು. ನಾನು ಸೈಕಲ್ಲಿನಿಂದ ಇಳಿದು ನೋಡಿದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ — ಹೇಗೆ ಹೇಳಲಿ ಇದನ್ನು — ನನಗೆ ನೋಡಬೇಕಿತ್ತು. ಪುಸ್ತಕದ ಕುರಿಗಳು ಪರದೇಶದವು. ನಮ್ಮವಕ್ಕೂ ಹಾಗೇ ಆಗುತ್ತದೆಯೇ? ಎಷ್ಟು ದಿನಕ್ಕೆ? ದಿನವೂ ಹೋಗಿ ನೋಡಿ ಬರೆದಿಟ್ಟೆ. ನನಗೆ ಕುರಿ ಕಂಡರೆ ಪ್ರೀತಿ ಎಂದುಕೊಂಡು ಆಕೆ ತನ್ನ ಬುತ್ತಿಯಲ್ಲಿ ಅರ್ಧ ರೊಟ್ಟಿ ಮುರಿದು ಕೊಡುತ್ತಿದ್ದಳು. ತಿಂದೆ.

ಆರನೆಯ ವಾರದಲ್ಲಿ ಮೂರು ಕುರಿ ಸತ್ತವು. ಸುದ್ದಿ ಕೇಳಿ ಹೋದಾಗ ಊರ ಮಂದಿ ನೆರೆದಿದ್ದರು, ಅವಳ ಮೈದುನ ಹಣಮಂತನೂ ಇದ್ದ. ಶಾಂತವ್ವ ನನ್ನ ಕಡೆ ತಿರುಗಿದಳು.

"ಸಾಹೇಬ್ರ, ಕಣ್ಣು ಹಳದಿ ಆಗ್ಯಾವ, ಉಚ್ಚಿ ಕೆಂಪಗದ. ಈ ಹುಲ್ಲಿನ್ಯಾಗ ಏನರ ಅದ ಏನ್ರಿ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಹುಲ್ಲಿನ್ಯಾಗ ಏನಿಲ್ಲ. ಜ್ವಾಳದ ಎಳೀ ಕುಡಿ ಮೇಯ್ದಿರಬೇಕು. ಆ ಕಡಿ ಒಯ್ಯಬ್ಯಾಡ."

ಕುಡಿ ತಿಂದ ಕುರಿ ಅಲ್ಲೇ ಬಿದ್ದು ಸಾಯುತ್ತದೆ, ಇವು ಎರಡು ದಿನ ನರಳಿದವು ಎಂದು ಆಕೆ ಮೆಲ್ಲಗೆ ಹೇಳಿದಳು. ಅವಳದೇ ಸರಿಯಿತ್ತು. ಆದರೆ ಓದಿದವನು ನಾನಾಗಿದ್ದೆ. ಮೇಯಿಸಲು ಬಾರದವಳ ಕೈಯಲ್ಲಿ ಮಂದೆ ಉಳಿಯುವುದಿಲ್ಲ ಎಂದು ಹಣಮಂತ ಅಂದೇ ಕೂಗಾಡಿದ. ನಾನು ಆ ಬಯಲಿಗೆ ಮತ್ತೆ ಹೋಗಲಿಲ್ಲ — ಹೆದರಿಕೆ. ಮುಂದೆ ಒಂದೊಂದಾಗಿ ಇನ್ನೂ ಆರು ಸತ್ತವೆಂದು, ಉಳಿದವನ್ನು ಮೈದುನ ಹೊಡೆದುಕೊಂಡು ಹೋದನೆಂದು ಊರಿನಲ್ಲೇ ಕೇಳಿದೆ. ಅವಳು ಶಹಾಬಾದ್ ಕಡೆ ಫರಸಿ ಹಾಸುಗಲ್ಲಿನ ಗಣಿಗೆ ಕಲ್ಲು ಹೊರಲು ಹೋದಳು. ನಾನು ಕುರಿಗಳ ಲೆಕ್ಕದ ಹಾಳೆಗಳನ್ನು ಒಲೆಗೆ ಹಾಕಿ, ದನಗಳ ಬಗ್ಗೆ ಮಾತ್ರ ವರದಿ ಬರೆದೆ. ಮೆಚ್ಚುಗೆ ಬಂತು.

ಕಳೆದ ತಿಂಗಳು ಶಹಾಬಾದಿನಲ್ಲಿ ಅವಳನ್ನು ಹುಡುಕಿಕೊಂಡು ಹೋದೆ. ಗುಡಿಸಲ ಮುಂದೆ ಕುಳಿತಿದ್ದಳು, ತಲೆ ಪೂರ್ತಿ ಬೆಳ್ಳಗಾಗಿತ್ತು. ಎಲ್ಲ ಹೇಳಿದೆ. ಸಿಟ್ಟಾಗುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಆಕೆ ಮುಂದಕ್ಕೆ ಬಾಗಿ ಕೇಳಿದಳು —

"ದನಕ್ಕ ಒಳ್ಳೇದು ಮಾಡಿದ್ದು ಕುರಿಗ್ಯಾಕ ಇಷ ಆತ್ರಿ?"

ಈಲಿಯ ಸಂಗತಿ ವಿವರಿಸಿದೆ. ಯಾವ ಕುರಿ ಮೊದಲು ಮೇವು ಬಿಟ್ಟಿತು, ಯಾವುದರ ಕಣ್ಣು ಮೊದಲು ಹಳದಿಯಾಯಿತು, ಆಕೆ ಒಂದೊಂದನ್ನೂ ನೆನೆದು ಹೇಳಿ, ನನ್ನ ಮಾತಿಗೆ ಅದು ತಾಳೆಯಾಗುತ್ತದೆಯೇ ಎಂದು ಕೇಳಿದಳು. ತಾಳೆಯಾಗುತ್ತಿತ್ತು. ಆಮೇಲೆ ಹೇಳಿದಳು —

"ಜ್ವಾಳದ ಕಡಿ ಒಯ್ಯಬ್ಯಾಡ ಅಂದ್ರಿ ನೀವು. ಅದಕ್ಕ ಉಳದ ಕುರಿ ಅದೇ ಹುಲ್ಲಿನ್ಯಾಗ ಬಿಟ್ಟೆ. ಮುಂಜಾನಿಂದ ಸಂಜಿತನ."

ನನಗೆ ಇದು ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲು ಹೋಗಿರಲಿಲ್ಲ. ಏನನ್ನೂ ನೋಡದೆ ಬಿಡದವನು ಅದೊಂದನ್ನು ನೋಡದೆ ಬಿಟ್ಟಿದ್ದೆ. ಮೂರು ಕುರಿ ಸತ್ತದ್ದು ನನ್ನ ಪರೀಕ್ಷೆಯಿಂದ. ಆರು, ನನ್ನ ಮಾತನ್ನು ಅವಳು ನಂಬಿದ್ದರಿಂದ.

ಹಣಮಂತ ಬದುಕಿದ್ದಾನೆ. ಅವನ ಮುಂದೆ, ಊರವರ ಮುಂದೆ ಹೇಳುತ್ತೀರಾ ಎಂದು ಕೇಳಿದಳು. ಹೇಳುತ್ತೇನೆ ಎಂದೆ. ಸೋಮವಾರ ಅವಳನ್ನು ಕರೆದುಕೊಂಡು ಕುರಕುಂಟಾಕ್ಕೆ ಹೊರಟಿದ್ದೇನೆ.