ಪಥ್ಯ ಹೇಳುತ್ತಿದ್ದ ಡಾಕ್ಟರಮ್ಮ

ನಾಯಿ ಬೆಕ್ಕುಗಳ ಚರ್ಮರೋಗಕ್ಕೆಂದೇ ಇಂದಿರಾನಗರದಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ನಾಯಿಯ ಕಿವಿ ಮಡಿಸಿ ಮೂಸಿ ನೋಡುವರು. ಹೇಳಿದ ಪಥ್ಯ ಫಲಿಸದಿದ್ದರೆ ಅವರದು ಒಂದೇ ಪ್ರಶ್ನೆ: “ಮನೇಲಿ ಇದನ್ನ ಜಾಸ್ತಿ ಮುದ್ದು ಮಾಡೋರು ಯಾರು?”

ನಮ್ಮ ನಾಯಿ ರಾಜ ಕೆರೆದುಕೊಂಡೇ ಮೈಯೆಲ್ಲ ಹುಣ್ಣು ಮಾಡಿಕೊಂಡಿದ್ದ. ವಾಸಿಯಾಗದಿದ್ದರೆ ಯಾರಿಗಾದರೂ ಕೊಟ್ಟುಬಿಡೋಣ ಎಂದು ಮಾವನವರು ಹೇಳಿಯಾಗಿತ್ತು. ಅಲರ್ಜಿಯೆಂದು ಡಾಕ್ಟರಮ್ಮ ಹೇಳಿದಂತೆ ಮೀನು, ಕುಂಬಳಕಾಯಿ ಬಿಟ್ಟು ಬೇರೇನೂ ಹಾಕದಿದ್ದರೂ ಕೆರೆತ ನಿಲ್ಲಲಿಲ್ಲ. ಮತ್ತೆ ಹೋದಾಗ ಆ ಪ್ರಶ್ನೆ ಬಂತು. ಎಲ್ಲರೂ ಅತ್ತೆಯತ್ತ ನೋಡಿದೆವು.

“ಏನ್ ಕೊಡ್ತೀರಮ್ಮ?”

“ಬರೀ ಒಂದ್ ರಸ್ಕು ಡಾಕ್ಟ್ರೇ, ಹಾಲಲ್ಲಿ ಅದ್ದಿ. ಬಾಯ್ ನೋಡ್ಕೊಂಡು ಕೂತಿರುತ್ತಲ್ಲ, ಪಾಪ.”

ಬೈಗುಳ ಬೀಳುತ್ತದೆಂದು ಅತ್ತೆ ತಲೆ ತಗ್ಗಿಸಿದರು. ಡಾಕ್ಟರಮ್ಮ ನಕ್ಕರು. “ಹಾಗಾದ್ರೆ ಇನ್ಮೇಲೆ ಇದರ ಊಟ ನಿಮ್ಮೊಬ್ಬರ ಕೈಯಿಂದ್ಲೇ. ಬೇರೆಯವರು ಒಂದ್ ಚೂರು ಹಾಕಿದ್ರೂ ನಂಗೆ ಫೋನ್ ಮಾಡಿ.”

ಅಂದಿನಿಂದ ಅತ್ತೆ ಮಾವನವರ ಜೇಬನ್ನೂ ತಡವಿ ನೋಡತೊಡಗಿದರು. ರಾಜನಿಗೆ ಹೊಸ ಕೂದಲು ಬಂದ ಮೇಲೆ ಮಾವನವರೇ ಅವನನ್ನು ಹಲಸೂರು ಕೆರೆಯ ಕಡೆ ಕರೆದೊಯ್ದು, ಕೇಳದವರಿಗೂ ಹೇಳುತ್ತಿದ್ದರು: “ನಮ್ಮನೆಯವಳು ಗುಣ ಮಾಡಿದ ನಾಯಿ ಇದು.”

ಈ ಮಾತು ತಿಳಿಸಿದಾಗ ಡಾಕ್ಟರಮ್ಮ, “ಮತ್ತೆ? ಅವರೇ ಅಲ್ವಾ ಮಾಡಿದ್ದು?” ಎಂದು ಮುಂದಿನ ನಾಯಿಯ ಕಿವಿ ಮಡಿಸಿದರು.